ಆರ್ಥರ್ ಡೆಂಟ್ ಮರಳಿ ಮೈಕಿನ ಮುಂದೆ

1980ರ ಜನವರಿ 25ರ ರಾತ್ರಿ ಬಿಬಿಸಿ ರೇಡಿಯೊ 4ರಲ್ಲಿ ಆರ್ಥರ್ ಡೆಂಟ್ ಎಂಬ ಇಂಗ್ಲಿಷ್ ಮನುಷ್ಯನೊಬ್ಬ ಸಿಟ್ಟಿಗೆದ್ದು, ಜೊತೆಗಾರರನ್ನು ಯಾವುದೋ ಗ್ರಹದ ಮೇಲೆ ಬಿಟ್ಟು, ಅವರ ಆಕಾಶನೌಕೆಯನ್ನೇ ಹಾರಿಸಿಕೊಂಡು ಹೊರಟುಹೋದ. ಸರಣಿ ಅಲ್ಲಿಗೆ ನಿಂತಿತು. ಅವನ ಕತೆ ರೇಡಿಯೊದಲ್ಲಿ ಮುಂದುವರಿದದ್ದು 2004ರ ಸೆಪ್ಟೆಂಬರ್ 21ಕ್ಕೆ. ನಡುವೆ ಹೆಚ್ಚುಕಡಿಮೆ ಇಪ್ಪತ್ತೈದು ವರ್ಷ. ಅಷ್ಟು ಕಾಲ ಕಳೆದು ಆರ್ಥರ್ ಮತ್ತೆ ಬಾಯಿಬಿಟ್ಟಾಗ ಬಂದದ್ದು ಅದೇ ಸೈಮನ್ ಜೋನ್ಸ್‌ನ ದನಿ.

ನಾಟಕದ ಹೆಸರು ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’. ನಮ್ಮಲ್ಲಿ ಇದನ್ನು ಕಾದಂಬರಿಯಾಗಿ ಓದಿದವರು, 2005ರ ಸಿನಿಮಾ ನೋಡಿದವರು ಸಾಕಷ್ಟು ಜನ ಇದ್ದಾರೆ. ಅದು ಹುಟ್ಟಿದ್ದು ರೇಡಿಯೊ ನಾಟಕವಾಗಿ, ಪುಸ್ತಕ ಆಮೇಲೆ ಬಂತು ಎಂದು ಹೇಳಿದರೆ ಅವರಲ್ಲಿ ಹಲವರಿಗೆ ಆಶ್ಚರ್ಯ. ನನಗೆ ಮಾತ್ರ ಅದು ಮೊದಲಿಂದಲೂ ರೇಡಿಯೊ ನಾಟಕವೇ. ನಾನು ಹಗಲು ಹೈಸ್ಕೂಲಿನಲ್ಲಿ ಪಾಠ ಮಾಡಿ, ಸಂಜೆ ಆಕಾಶವಾಣಿ ಸ್ಟುಡಿಯೊದಲ್ಲಿ ಪಾತ್ರ ಮಾಡುತ್ತಿದ್ದವಳು. ಆಡಿಷನ್ ಪಾಸಾಗಿ ಬಿ ಗ್ರೇಡು, ಆಮೇಲೆ ಬಿ-ಹೈ. ಅತ್ತೆಯಾಗಿ, ಮಂಥರೆಯಾಗಿ, ಗೌಡತಿಯಾಗಿ ಆ ಮೈಕಿನ ಮುಂದೆ ನಿಂತಿದ್ದೇನೆ. ಲೆಸ್ಟರ್‌ನಲ್ಲಿ ಡಾಕ್ಟರಾಗಿದ್ದ ನಮ್ಮ ದೊಡ್ಡಪ್ಪನ ಮಗ ರಜೆಗೆ ಬಂದಾಗ, “ತಗೋ ತಂಗಿ, ಇದು ನಿನ್ನ ಲೈನಿನದೇ” ಎಂದು ಕೊಟ್ಟ ಕ್ಯಾಸೆಟ್ ಪೆಟ್ಟಿಗೆಯಲ್ಲಿ ಈ ನಾಟಕ ಇತ್ತು. ಬಿಬಿಸಿ 1988ರಲ್ಲಿ ಮಾರಾಟಕ್ಕೆ ಬಿಟ್ಟ ಕ್ಯಾಸೆಟ್ಟುಗಳು. ಒಂದು ದನಿಯನ್ನು ಇಷ್ಟು ಹತ್ತಿರದಿಂದ, ಇಷ್ಟು ವರ್ಷ ನಾನು ಬೇರೆ ಯಾರದನ್ನೂ ಕೇಳಿಲ್ಲ. ಆದ್ದರಿಂದ ಈ ಬರಹ.

ಕತೆ ಬಲ್ಲವರಿಗೂ ಒಂದು ಸಲ ಹೇಳಿಬಿಡುತ್ತೇನೆ. ಒಂದು ಗುರುವಾರ ಬೆಳಿಗ್ಗೆ ಆರ್ಥರ್‌ನ ಮನೆ ಕೆಡವಲು ಬುಲ್ಡೋಜರ್ ಬಂದು ನಿಂತಿದೆ, ಬೈಪಾಸ್ ರಸ್ತೆಗಾಗಿ. ಅವನು ಕೆಸರಿನಲ್ಲೇ ಬುಲ್ಡೋಜರಿನ ಮುಂದೆ ಮಲಗಿಬಿಡುತ್ತಾನೆ. ಯೋಜನೆಯ ನಕ್ಷೆ ಕಚೇರಿಯಲ್ಲಿ ಇತ್ತಲ್ಲ, ನೀವೇ ಬಂದು ಆಕ್ಷೇಪಣೆ ಸಲ್ಲಿಸಬೇಕಿತ್ತು ಎನ್ನುತ್ತಾನೆ ಕೌನ್ಸಿಲ್ಲಿನ ಅಧಿಕಾರಿ. ಭೂಸ್ವಾಧೀನದ ನೋಟಿಸು ಕಂಡ ಯಾವ ಕನ್ನಡಿಗನಿಗೂ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟರಲ್ಲಿ ವೋಗನ್ ಎಂಬ ಅನ್ಯಗ್ರಹದವರ ನೌಕೆಗಳು ಆಕಾಶ ತುಂಬುತ್ತವೆ. ಅಂತರಿಕ್ಷದ ಬೈಪಾಸಿಗಾಗಿ ಭೂಮಿಯನ್ನೇ ಕೆಡವುತ್ತಿದ್ದೇವೆ, ನಕ್ಷೆ ಆಲ್ಫಾ ಸೆಂಟೌರಿಯ ಕಚೇರಿಯಲ್ಲಿ ಐವತ್ತು ವರ್ಷದಿಂದ ಇದೆ ಎಂದು ಅವರು ಸಾರುತ್ತಾರೆ. ಭೂಮಿ ಪುಡಿಯಾಗುತ್ತದೆ. ಆರ್ಥರ್‌ನನ್ನು ಅವನ ಗೆಳೆಯ ಫೋರ್ಡ್ ಪ್ರಿಫೆಕ್ಟ್ ಕೊನೆ ಗಳಿಗೆಯಲ್ಲಿ ಪಾರು ಮಾಡುತ್ತಾನೆ. ಈ ಫೋರ್ಡ್ ಅಸಲಿಗೆ ಬೇರೆ ಗ್ರಹದವನು. ಅಲ್ಲಿಂದ ಮುಂದೆ ಆರ್ಥರ್ ಎಲ್ಲಿ ಹೋದರೂ ಪರದೇಶಿ. ಅವನಿಗೆ ಬೇಕಾದದ್ದು ಒಂದು ಲೋಟ ಒಳ್ಳೆಯ ಚಹಾ, ಅದೂ ಬ್ರಹ್ಮಾಂಡದಲ್ಲಿ ಎಲ್ಲೂ ಸಿಗುವುದಿಲ್ಲ.

ಇದನ್ನು ಬರೆದ ಡಗ್ಲಸ್ ಆಡಮ್ಸ್ ಆಗ ಇಪ್ಪತ್ತೈದರ ಹುಡುಗ. ಕೇಂಬ್ರಿಜ್‌ನಲ್ಲಿ ಓದಿದವನು. ಅಲ್ಲಿನ ‘ಫುಟ್‌ಲೈಟ್ಸ್’ ಎಂಬ ವಿದ್ಯಾರ್ಥಿಗಳ ನಾಟಕ ಸಂಘದಿಂದ ಬ್ರಿಟನ್ನಿನ ಅರ್ಧ ಹಾಸ್ಯಲೋಕ ಹೊರಬಂದಿದೆ. ಸೈಮನ್ ಜೋನ್ಸ್ ಅವನಿಗೆ ಅಲ್ಲಿಯ ಪರಿಚಯ. ಆರ್ಥರ್ ಪಾತ್ರವನ್ನು ಆಡಮ್ಸ್ ಬರೆದದ್ದೇ ಜೋನ್ಸ್‌ನ ದನಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಪಾತ್ರ ಬರೆದು ನಟನನ್ನು ಹುಡುಕುವುದು ವಾಡಿಕೆ. ಇಲ್ಲಿ ದನಿ ಮೊದಲು, ಮಾತು ಆಮೇಲೆ. ಸಭ್ಯತೆ ಬಿಡದ ಸಿಟ್ಟು, ಮಾತಿನ ಕೊನೆಗೆ ಬಂದಾಗ ತುಸು ಮೇಲಕ್ಕೇರುವ ಸ್ವರ, ತನಗೆ ಆದ ಅನ್ಯಾಯ ತನಗೇ ಪೂರ್ತಿ ನಂಬಿಕೆಯಾಗದವನ ತಡವರಿಕೆ. ಮುಂದೆ ಬೇರೆ ನಟರು ಆ ಪಾತ್ರ ಮಾಡಿದಾಗ ಏನೋ ಸಾಲದು ಅನ್ನಿಸುವುದು ಇದೇ ಕಾರಣಕ್ಕೆ.

ಪ್ರಾಯೋಗಿಕ ಕಂತು 1977ರ ಜೂನ್ 28ರಂದು ಲಂಡನ್ನಿನ ಲೋವರ್ ರೀಜೆಂಟ್ ಸ್ಟ್ರೀಟಿನ ಪ್ಯಾರಿಸ್ ಸ್ಟುಡಿಯೊದಲ್ಲಿ ರೆಕಾರ್ಡ್ ಆಯಿತು. ಅದು ನೆಲಮಾಳಿಗೆಯಲ್ಲಿದ್ದ ಹಳೆಯ ಸಿನಿಮಾ ಮಂದಿರ, ಬಿಬಿಸಿ ಅದನ್ನು ಸ್ಟುಡಿಯೊ ಮಾಡಿಕೊಂಡಿತ್ತು. ಆ ಕಂತಿನ ನಿರ್ಮಾಪಕ ಸೈಮನ್ ಬ್ರೆಟ್, ಮುಂದಿನವಕ್ಕೆಲ್ಲ ಜೆಫ್ರಿ ಪರ್ಕಿನ್ಸ್. ಮೊದಲ ಪ್ರಸಾರ 1978ರ ಮಾರ್ಚ್ 8, ಬುಧವಾರ, ರಾತ್ರಿ ಹತ್ತೂವರೆಗೆ. ಹೊಸ ನಾಟಕವನ್ನು ಯಾರೂ ಆ ಹೊತ್ತಿಗೆ ಹಾಕುವುದಿಲ್ಲ. ಹೇಳಿಕೊಳ್ಳುವಂಥ ಪ್ರಚಾರವೂ ಇರಲಿಲ್ಲ. ಆದರೂ ಕೇಳಿದವರು ಮರುದಿನ ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ. ಆರು ಕಂತು ಮುಗಿಯುವಷ್ಟರಲ್ಲಿ ಬ್ರಿಟನ್ನಿನ ಹುಡುಗರೆಲ್ಲ ಅದರ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದರು. ಬರೆಯುವುದರಲ್ಲಿ ಆಡಮ್ಸ್ ಮಹಾ ನಿಧಾನಿ. ಅದೇ ಹೊತ್ತಿಗೆ ‘ಡಾಕ್ಟರ್ ಹೂ’ ಟಿವಿ ಧಾರಾವಾಹಿಗೂ ಬರೆಯಲು ಒಪ್ಪಿಕೊಂಡಿದ್ದ. ಐದು ಮತ್ತು ಆರನೆಯ ಕಂತಿಗೆ ಗೆಳೆಯ ಜಾನ್ ಲಾಯ್ಡ್ ಬಂದು ಕೈಜೋಡಿಸಬೇಕಾಯಿತು.

ಕೆಲಸದ ಬಗೆ ನನಗೆ ಬಹಳ ಮುಖ್ಯ, ಅದನ್ನು ವಿವರವಾಗಿಯೇ ಹೇಳುತ್ತೇನೆ. ಬಿಬಿಸಿಯ ಹಾಸ್ಯ ಕಾರ್ಯಕ್ರಮ ಎಂದರೆ ಸ್ಟುಡಿಯೊದಲ್ಲಿ ಪ್ರೇಕ್ಷಕರನ್ನು ಕೂರಿಸಿ, ಅವರ ನಗುವನ್ನೂ ಸೇರಿಸಿ ರೆಕಾರ್ಡ್ ಮಾಡುವುದು. ಈ ನಾಟಕಕ್ಕೆ ಪ್ರೇಕ್ಷಕರು ಬೇಡ ಎಂದಾಯಿತು. ಆಡಮ್ಸ್‌ಗೆ ಬೇಕಾದದ್ದು ಆ ಕಾಲದ ರಾಕ್ ಸಂಗೀತದ ಎಲ್‌ಪಿಗಳಲ್ಲಿ ಇರುತ್ತಿದ್ದಂಥ ಶಬ್ದ. ಪದರ ಪದರವಾಗಿ, ಎಡ ಕಿವಿಗೂ ಬಲ ಕಿವಿಗೂ ಬೇರೆಬೇರೆಯಾಗಿ ಬರುವಂಥದ್ದು. ಬಿಬಿಸಿಯ ರೇಡಿಯೊಫೋನಿಕ್ ವರ್ಕ್‌ಶಾಪ್ ಎಂಬ ಶಬ್ದಪ್ರಯೋಗ ವಿಭಾಗ 1958ರಿಂದ ಮೈಡಾ ವೇಲ್‌ನಲ್ಲಿತ್ತು. ಅಲ್ಲಿನ ಪ್ಯಾಡಿ ಕಿಂಗ್ಸ್‌ಲೆಂಡ್, ಡಿಕ್ ಮಿಲ್ಸ್, ಹ್ಯಾರಿ ಪಾರ್ಕರ್ ಇದಕ್ಕೆ ಎಫೆಕ್ಟ್ಸ್ ಮಾಡಿದರು. ಕಂಪ್ಯೂಟರ್ ಇರಲಿಲ್ಲ. ಸ್ಪೂಲ್ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಅಂಟುಪಟ್ಟಿ ಹಚ್ಚಿ ಜೋಡಿಸುವ ಕೆಲಸ. ನಮ್ಮ ನಿಲಯದಲ್ಲೂ ಹಾಗೆಯೇ ಮಾಡುತ್ತಿದ್ದರು. ಎಡಿಟಿಂಗ್ ಮಾಡುವವರು ಟೇಪನ್ನು ಕೈಯಿಂದಲೇ ಹಿಂದಕ್ಕೂ ಮುಂದಕ್ಕೂ ಎಳೆದು, ಉಸಿರು ಎಲ್ಲಿ ಶುರುವಾಗುತ್ತದೆ ಎಂದು ಕಿವಿಯಲ್ಲೇ ಹಿಡಿದು, ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಮಾತಿನ ಮೊದಲ ಅಕ್ಷರಕ್ಕೆ ತಾಗಿ ಕತ್ತರಿಸಿದರೆ ನಟ ಸತ್ತ ಹಾಗೆ ಕೇಳಿಸುತ್ತದೆ. ಉಸಿರಿಗೆ ಮುಂಚೆ ಕತ್ತರಿಸಬೇಕು.

ರೋಬೋಟು, ಕಂಪ್ಯೂಟರು, ಅನ್ಯಗ್ರಹದವರ ದನಿಗಳಿಗೆ ಬೇರೆ ಸಂಸ್ಕಾರ ಬೇಕು. ಆದ್ದರಿಂದ ಆ ನಟರನ್ನು ಉಳಿದವರಿಂದ ದೂರ, ಕಪಾಟಿನಷ್ಟು ಚಿಕ್ಕ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಖಿನ್ನತೆಯ ರೋಬೋಟ್ ಮಾರ್ವಿನ್ ಆದ ಸ್ಟೀಫನ್ ಮೂರ್ ಮಾತಾಡಿದ್ದು ಹೀಗೆ, ಜೊತೆಗಾರರ ಮುಖ ಕಾಣದೆ. ಬ್ರಹ್ಮಾಂಡದಲ್ಲಿ ಯಾರಿಗೂ ಬೇಡವಾದ ರೋಬೋಟಿನ ದನಿಗೆ ಅದಕ್ಕಿಂತ ಒಳ್ಳೆಯ ತಾಲೀಮು ಸಿಕ್ಕುತ್ತಿರಲಿಲ್ಲ. ಸೈಮನ್ ಜೋನ್ಸ್ ಮಾತ್ರ ಯಾವ ಸಂಸ್ಕಾರವೂ ಇಲ್ಲದ ಬರಿಯ ಮನುಷ್ಯದನಿ. ಸುತ್ತ ಎಲ್ಲ ದನಿಗಳೂ ಯಂತ್ರದಲ್ಲಿ ಹಾಯ್ದು ಬರುವಾಗ ಅವನೊಬ್ಬನದು ಹಾಗೇ ಬರುತ್ತದೆ. ಕೇಳುಗ ತನಗರಿವಿಲ್ಲದೆ ಅವನನ್ನೇ ಹಿಡಿದುಕೊಂಡು ಆ ಗದ್ದಲದೊಳಗೆ ನಡೆಯುತ್ತಾನೆ.

ಫೋರ್ಡ್ ಆದವನು ಜೆಫ್ರಿ ಮೆಕ್‌ಗಿವರ್ನ್. ಎರಡು ತಲೆ, ಮೂರು ಕೈಯ ಜೇಫಾಡ್ ಬೀಬಲ್‌ಬ್ರಾಕ್ಸ್ ಆದವನು ಮಾರ್ಕ್ ವಿಂಗ್-ಡೇವಿ. ಎರಡು ತಲೆ ರೇಡಿಯೊದಲ್ಲಿ ಒಂದು ಸಾಲಿನ ಮಾತು, ಖರ್ಚಿಲ್ಲ. 1981ರಲ್ಲಿ ಬಿಬಿಸಿ ಟಿವಿಗೆ ಇದನ್ನೇ ಮಾಡಿದಾಗ ಎರಡನೆಯ ತಲೆಯನ್ನು ಯಂತ್ರ ಇಟ್ಟು ತಯಾರಿಸಿ ನಟನ ಭುಜಕ್ಕೆ ಕಟ್ಟಿದರು. ಅದು ಆಗಾಗ ಕೆಟ್ಟು ಸುಮ್ಮನೆ ಜೋತುಬಿದ್ದಿರುತ್ತಿತ್ತು. ಅವರ ಜೊತೆಗಾತಿ ಟ್ರಿಲಿಯನ್ ಆದವಳು ಸೂಸನ್ ಶೆರಿಡನ್. ಕತೆಯೊಳಗೇ ಇರುವ, ಮಾತಾಡುವ ಗೈಡ್ ಪುಸ್ತಕಕ್ಕೆ ಪೀಟರ್ ಜೋನ್ಸ್ ಥರದ ದನಿ ಬೇಕು ಎಂದು ಆಡಮ್ಸ್ ಮತ್ತು ತಂಡದವರು ಬಹಳ ಹುಡುಕಿದರಂತೆ, ಕೊನೆಗೆ ಪೀಟರ್ ಜೋನ್ಸ್‌ನನ್ನೇ ಕರೆದರಂತೆ. ಈ ಹಿರಿಯ ನಟನಿಗೂ ನಮ್ಮ ಸೈಮನ್‌ಗೂ ಹೆಸರಿನ ಕೊನೆ ಒಂದೇ, ಬೇರೆ ಸಂಬಂಧವಿಲ್ಲ.

ವಿಜ್ಞಾನ ಕತೆಯ ರೇಡಿಯೊ ನಾಟಕಕ್ಕೆ ಬ್ರಿಟನ್ನಿನಲ್ಲಿ ಇದಕ್ಕೂ ಹಿಂದಿನ ಒಂದು ಮನೆತನ ಇದೆ. 1953ರ ಸೆಪ್ಟೆಂಬರಿನಲ್ಲಿ ಚಾರ್ಲ್ಸ್ ಚಿಲ್ಟನ್ ಎಂಬಾತ ಬರೆದು ನಿರ್ಮಿಸಿದ ‘ಜರ್ನಿ ಇನ್‌ಟು ಸ್ಪೇಸ್’ ಶುರುವಾಯಿತು. ಟಿವಿ ಮನೆಮನೆಗೆ ಬರುತ್ತಿದ್ದ ಕಾಲ. ಸಂಜೆಯ ಹೊತ್ತು ಟಿವಿಗಿಂತ ಹೆಚ್ಚು ಜನರನ್ನು ಸೆಳೆದ ಕೊನೆಯ ರೇಡಿಯೊ ಕಾರ್ಯಕ್ರಮ ಎಂಬ ಹೆಸರು ಇದಕ್ಕಿದೆ. ಅದರ ನಾಯಕ ಜೆಟ್ ಮಾರ್ಗನ್ ಆಗಿ ಮಾತಾಡಿದವನು ಆಂಡ್ರ್ಯೂ ಫಾಲ್ಡ್ಸ್. ಮೊದಲ ಸರಣಿಯ ಟೇಪುಗಳನ್ನು ಬಿಬಿಸಿ ಇಟ್ಟುಕೊಳ್ಳಲಿಲ್ಲ. ಹಾಗಾಗಿ 1958ರಲ್ಲಿ ಅದೇ ಚಂದ್ರಯಾನದ ಕತೆಯನ್ನು ‘ಆಪರೇಷನ್ ಲೂನಾ’ ಎಂಬ ಹೆಸರಿನಲ್ಲಿ ಮತ್ತೆ ಆಡಿ ರೆಕಾರ್ಡ್ ಮಾಡಬೇಕಾಯಿತು. ಫಾಲ್ಡ್ಸ್ ಮತ್ತೊಮ್ಮೆ ಜೆಟ್ ಆದ. ಆಮೇಲೆ ಅವನು ರಾಜಕೀಯಕ್ಕೆ ಹೋದ. ವಲಸಿಗರ ವಿರುದ್ಧದ ಪ್ರಚಾರದಿಂದ 1964ರಲ್ಲಿ ಕುಖ್ಯಾತವಾಗಿದ್ದ ಸ್ಮೆತ್‌ವಿಕ್ ಕ್ಷೇತ್ರವನ್ನು 1966ರಲ್ಲಿ ಲೇಬರ್ ಪಕ್ಷಕ್ಕೆ ಗೆದ್ದುಕೊಟ್ಟವನು ಈ ಆಕಾಶಯಾನಿಯೇ. 1997ರವರೆಗೆ ಸಂಸತ್ತಿನಲ್ಲಿದ್ದ. ಅವನ ದನಿ ಸಭೆಯಲ್ಲಿ ಎಷ್ಟು ದೂರ ಕೇಳಿಸುತ್ತಿತ್ತೋ ಎಂದು ನಾನು ಊಹಿಸಿಕೊಂಡು ಖುಷಿಪಟ್ಟಿದ್ದೇನೆ. 2008ರಲ್ಲಿ ಜೆಟ್ ಮಾರ್ಗನ್‌ನನ್ನು ಮತ್ತೆ ರೇಡಿಯೊಗೆ ತಂದಾಗ ಫಾಲ್ಡ್ಸ್ ಬದುಕಿರಲಿಲ್ಲ. ಐವತ್ತರ ದಶಕದ ಸರಣಿಯಲ್ಲಿ ಸಣ್ಣಪುಟ್ಟ ಪಾತ್ರಗಳಿಗೆಲ್ಲ ದನಿ ಕೊಟ್ಟಿದ್ದ ಡೇವಿಡ್ ಜೇಕಬ್ಸ್ ಆಗ ಎಂಬತ್ತರ ಹರೆಯದಲ್ಲಿ ನಾಯಕನಾದ.

ಆರ್ಥರ್‌ಗೆ ಬರೋಣ. 1980ರ ಆ ಕೊನೆಯ ಕಂತಿನ ನಂತರ ಕತೆ ಪುಸ್ತಕಗಳಲ್ಲಿ ಬೆಳೆಯಿತು. 1979ರಿಂದ 1992ರ ನಡುವೆ ಆಡಮ್ಸ್ ಐದು ಕಾದಂಬರಿ ಬರೆದ. ಜೋನ್ಸ್ ಟಿವಿ ಸರಣಿಯಲ್ಲೂ ಆರ್ಥರ್ ಆದ. ಜನರ ಕಣ್ಣಿನಲ್ಲಿ ಉಳಿದಿರುವ ಡ್ರೆಸ್ಸಿಂಗ್ ಗೌನಿನ ಆರ್ಥರ್ ಅವನೇ. ಅದೇ 1981ರಲ್ಲಿ ‘ಬ್ರೈಡ್ಸ್‌ಹೆಡ್ ರಿವಿಸಿಟೆಡ್’ ಧಾರಾವಾಹಿಯಲ್ಲಿ ಬ್ರೈಡಿ ಆದ, ಆಮೇಲೆ ಅಮೆರಿಕದ ರಂಗಭೂಮಿಯಲ್ಲಿ ದುಡಿದ, ಅಸಂಖ್ಯ ಪುಸ್ತಕಗಳನ್ನು ಆಡಿಯೊಗೆ ಓದಿದ. ಇತ್ತೀಚೆಗೆ ‘ದಿ ಗಿಲ್ಡೆಡ್ ಏಜ್’ ಧಾರಾವಾಹಿ ನೋಡಿದವರಿಗೆ ಅವನು ಬ್ಯಾನಿಸ್ಟರ್ ಎಂಬ ಮನೆಯ ಬಟ್ಲರ್.

1993ರಲ್ಲಿ ಒಮ್ಮೆ ರೇಡಿಯೊ ಆರ್ಥರ್‌ಗೆ ಮರುಜೀವ ಬರುವ ಲಕ್ಷಣ ಕಂಡಿತ್ತು. ‘ಸೂಪರ್‌ಮ್ಯಾನ್’, ‘ಬ್ಯಾಟ್‌ಮ್ಯಾನ್’ ಕತೆಗಳನ್ನು ಸಿನಿಮಾದಷ್ಟೇ ದಟ್ಟ ಶಬ್ದದಲ್ಲಿ ರೇಡಿಯೊಗೆ ತಂದಿದ್ದ ಡರ್ಕ್ ಮ್ಯಾಗ್ಸ್ ಎಂಬ ನಿರ್ದೇಶಕನ ಕೆಲಸ ಆಡಮ್ಸ್‌ಗೆ ಹಿಡಿಸಿತ್ತು. ಮೂರನೆಯ ಕಾದಂಬರಿಯನ್ನು ಅವನೇ ಮಾಡಲಿ ಎಂದ. ಮಾತುಕತೆ ನಡೆಯಿತು, ಸ್ಕ್ರಿಪ್ಟ್ ಕೂಡಿಬರಲಿಲ್ಲ, ಯೋಜನೆ ನಿಂತಿತು. 2001ರ ಮೇ 11ರಂದು ಕ್ಯಾಲಿಫೋರ್ನಿಯಾದಲ್ಲಿ ಆಡಮ್ಸ್ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು ನಲವತ್ತೊಂಬತ್ತು.

ಅವನು ಹೋದ ಮೇಲೆ ಮ್ಯಾಗ್ಸ್ ಆ ಕೆಲಸವನ್ನು ಮತ್ತೆ ಎತ್ತಿಕೊಂಡ. 2003ರ ಕೊನೆಯಲ್ಲಿ ನಟರು ಲಂಡನ್ನಿನ ಸ್ಟುಡಿಯೊದಲ್ಲಿ ಮತ್ತೆ ಸೇರಿದರು. ಜೋನ್ಸ್‌ಗೆ ಆಗ ಐವತ್ತಮೂರು. ಮೆಕ್‌ಗಿವರ್ನ್, ವಿಂಗ್-ಡೇವಿ, ಶೆರಿಡನ್, ಮೂರ್ ಎಲ್ಲರೂ ಬಂದರು. ಬರಲಾಗದವರ ಪಟ್ಟಿಯೂ ಇತ್ತು. ಕಂಪ್ಯೂಟರ್ ಎಡ್ಡಿಯ ದನಿಯಾಗಿದ್ದ ಡೇವಿಡ್ ಟೇಟ್ 1996ರಲ್ಲಿ, ಮುದುಕ ಸ್ಲಾರ್ಟಿಬಾರ್ಟ್‌ಫಾಸ್ಟ್ ಆಗಿದ್ದ ರಿಚರ್ಡ್ ವೆರ್ನನ್ 1997ರಲ್ಲಿ, ಪೀಟರ್ ಜೋನ್ಸ್ 2000ದಲ್ಲಿ ಹೋಗಿಬಿಟ್ಟಿದ್ದರು. ಗೈಡ್‌ನ ದನಿಯಾಗಿ ವಿಲಿಯಂ ಫ್ರಾಂಕ್ಲಿನ್, ಸ್ಲಾರ್ಟಿಬಾರ್ಟ್‌ಫಾಸ್ಟ್ ಆಗಿ ರಿಚರ್ಡ್ ಗ್ರಿಫಿತ್ಸ್ ಬಂದರು. ಪ್ಯಾರಿಸ್ ಸ್ಟುಡಿಯೊವನ್ನು ಬಿಬಿಸಿ 1995ರಲ್ಲೇ ಬಿಟ್ಟುಕೊಟ್ಟಿತ್ತು. ರೇಡಿಯೊಫೋನಿಕ್ ವರ್ಕ್‌ಶಾಪ್ 1998ರಲ್ಲಿ ಮುಚ್ಚಿತ್ತು. ಕಟ್ಟಡ, ವಿಭಾಗ, ಲೇಖಕ ಎಲ್ಲ ಹೋದ ಮೇಲೂ ಪಾತ್ರವೊಂದು ಉಳಿದದ್ದು ಒಬ್ಬನ ಗಂಟಲಿನಲ್ಲಿ.

ಕತೆಯಲ್ಲಿ ಒಂದು ತೊಡಕಿತ್ತು. 1980ರ ಸರಣಿ ಹೋದ ದಾರಿಯೇ ಬೇರೆ, ಮೂರನೆಯ ಕಾದಂಬರಿ ಶುರುವಾಗುವ ಜಾಗವೇ ಬೇರೆ. ಕಾದಂಬರಿಯಲ್ಲಿ ಆರ್ಥರ್ ಇತಿಹಾಸಪೂರ್ವ ಕಾಲದ ಭೂಮಿಯ ಗುಹೆಯಲ್ಲಿ ವರ್ಷಗಟ್ಟಲೆ ಒಂಟಿಯಾಗಿ ಕಳೆದಿದ್ದಾನೆ. ದಿನಾ ಬೆಳಿಗ್ಗೆ ಎದ್ದು ತಾನೆಲ್ಲಿದ್ದೇನೆ ಎಂದು ನೆನಪಾದಾಗ ಕಿರುಚುತ್ತಾನೆ. ಮ್ಯಾಗ್ಸ್ ನಡುವಿನದನ್ನೆಲ್ಲ ಜೇಫಾಡ್‌ನ ತಲೆಯೊಳಗಿನ ಭ್ರಮೆ ಎಂದು ಮಾಡಿ ಗಂಟು ಬಿಡಿಸಿದ. ಕೆಲವು ಹಳೆಯ ಕೇಳುಗರಿಗೆ ಇದು ಒಪ್ಪಿತವಾಗಲಿಲ್ಲ. ನನ್ನ ಪ್ರಕಾರ ಅವನು ಮಾಡಿದ್ದು ಸರಿ. ಜೋನ್ಸ್‌ನ ದನಿಗೆ ಇದರಿಂದ ದೊಡ್ಡ ಉಪಕಾರವಾಯಿತು. ಇಪ್ಪತ್ತಾರರ ಹುಡುಗನ ದನಿ ಐವತ್ತಮೂರಕ್ಕೆ ತುಸು ಮಂದವಾಗಿತ್ತು, ಅಂಚಿನಲ್ಲಿ ಒರಟುತನ ಬಂದಿತ್ತು. ಗುಹೆಯಲ್ಲಿ ಯಾರೊಡನೆಯೂ ಮಾತಾಡದೆ ವರ್ಷ ಕಳೆದವನ ದನಿ ಇನ್ನು ಹೇಗಿದ್ದೀತು? ನಟನ ವಯಸ್ಸನ್ನು ಕತೆಯೇ ತನ್ನ ಮೇಲೆ ಹಾಕಿಕೊಂಡಿತು. ಆ ಸಿಟ್ಟು, ಆ ತಡವರಿಕೆ, ಕೊನೆಗೆ ಮೇಲಕ್ಕೇರುವ ಆ ಸ್ವರ ಮಾತ್ರ ಇದ್ದಲ್ಲೇ ಇದ್ದವು.

ದನಿಗೆ ವಯಸ್ಸಾಗುವುದಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೈಕಿಗೆ ಒಂದು ಗೇಣು ದೂರದಲ್ಲಿ ನಿಂತು ಮಾತಾಡಿದವರಿಗೆ ಗೊತ್ತು, ವಯಸ್ಸಾದಂತೆ ಉಸಿರು ಸಾಲುವುದಿಲ್ಲ. ಒಂದೇ ಉಸಿರಿಗೆ ಹೇಳುತ್ತಿದ್ದ ಮಾತನ್ನು ಎರಡು ಕಡೆ ನಿಲ್ಲಿಸಬೇಕಾಗುತ್ತದೆ. ಬಾಯಿ ಒಣಗಿ ತುಟಿ ಬಿಡಿಸಿದ ಸದ್ದು ಮೈಕಿಗೆ ಬೀಳುತ್ತದೆ. ಸ್ಕ್ರಿಪ್ಟಿನ ಹಾಳೆ ಸರಿಸುವಾಗ ಕೈ ನಡುಗಿದರೆ ಅದೂ ಕೇಳಿಸುತ್ತದೆ. ಅದಕ್ಕೇ ಹಾಳೆಗಳ ಪಿನ್ನು ತೆಗೆದು, ಒಂದೊಂದಾಗಿ ಬಿಡಿಯಾಗಿ ಹಿಡಿದು, ಓದಿದ್ದನ್ನು ಸದ್ದಾಗದಂತೆ ಕೆಳಗೆ ಜಾರಿಸುವುದನ್ನು ನಮಗೆ ಮೊದಲ ದಿನವೇ ಕಲಿಸುತ್ತಿದ್ದರು. ಮುಖಕ್ಕೆ ಹೋಲಿಸಿದರೆ ದನಿ ನಿಧಾನವಾಗಿ ಮುಪ್ಪಾಗುತ್ತದೆ, ಅಷ್ಟೇ. ಆ ನಿಧಾನವೇ ರೇಡಿಯೊ ನಟನಿಗೆ ಸಿಕ್ಕಿರುವ ವರ. 2005ರ ಸಿನಿಮಾದಲ್ಲಿ ಆರ್ಥರ್ ಆಗಲು ಮಾರ್ಟಿನ್ ಫ್ರೀಮನ್ ಬೇಕಾಯಿತು. ಅದೇ ಸಿನಿಮಾದಲ್ಲಿ ಜೋನ್ಸ್ ಕ್ಷಣಕಾಲ ಕಾಣುವ ಒಂದು ಮುಖ, ಮಗ್ರಾಥಿಯಾ ಗ್ರಹದಿಂದ ಮಾತಾಡುವ ಎಚ್ಚರಿಕೆಯ ಬಿಂಬ. ಅದೇ 2005ರ ಮೇ, ಜೂನ್ ತಿಂಗಳಲ್ಲಿ ರೇಡಿಯೊದಲ್ಲಿ ನಾಲ್ಕನೆಯ ಮತ್ತು ಐದನೆಯ ಸರಣಿ ಪ್ರಸಾರವಾಗುತ್ತಿದ್ದವು. ಅಲ್ಲಿ ಅವನೇ ಆರ್ಥರ್, ಇನ್ನೊಬ್ಬರ ಪ್ರಶ್ನೆಯೇ ಇರಲಿಲ್ಲ.

2004ರ ಸರಣಿಯನ್ನು ನಮ್ಮವರು ಇನ್ನೊಂದು ಕಾರಣಕ್ಕೂ ಕೇಳಬೇಕು. ಅದರ ತಿರುಳು ಕ್ರಿಕೆಟ್. ಗುಹೆಯ ಕಾಲದಿಂದ ಒಂದು ಸೋಫಾದ ಮೇಲೆ ಕೂತು ಕಾಲವನ್ನು ದಾಟುವ ಆರ್ಥರ್ ಮತ್ತು ಫೋರ್ಡ್ ಬಂದು ಬೀಳುವುದು ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ, ಪಂದ್ಯ ನಡೆಯುತ್ತಿರುವಾಗ, ಭೂಮಿ ನಾಶವಾಗುವುದಕ್ಕೆ ಎರಡೇ ದಿನ ಮುಂಚೆ. ಕ್ರಿಕಿಟ್ ಎಂಬ ಗ್ರಹದ ರೋಬೋಟುಗಳು ಆ್ಯಶಸ್ ಕದಿಯಲು ಬರುತ್ತವೆ. ಇಂಗ್ಲಿಷರು ಆಡುವ ಆಟ ಎಂದೋ ನಡೆದ ಬ್ರಹ್ಮಾಂಡ ಯುದ್ಧದ ಮರೆತ ನೆನಪು ಎಂಬುದು ಕತೆ. ಆಡಮ್ಸ್ ಇದನ್ನು ಮೊದಲು ‘ಡಾಕ್ಟರ್ ಹೂ’ಗೆಂದು ಹೊಸೆದಿದ್ದ, ಅಲ್ಲಿ ನಡೆಯಲಿಲ್ಲ. ಮ್ಯಾಗ್ಸ್ ಲಾರ್ಡ್ಸ್ ದೃಶ್ಯಕ್ಕೆ ನಟರನ್ನು ಹುಡುಕಲಿಲ್ಲ. ನಿಜವಾದ ವೀಕ್ಷಕ ವಿವರಣೆಗಾರರಾದ ಹೆನ್ರಿ ಬ್ಲೋಫೆಲ್ಡ್ ಮತ್ತು ಫ್ರೆಡ್ ಟ್ರೂಮನ್ ಅವರನ್ನೇ ಕರೆಸಿ ಕೂರಿಸಿದ. ಟೆಸ್ಟ್ ಪಂದ್ಯವನ್ನು ಟ್ರಾನ್ಸಿಸ್ಟರಿನಲ್ಲಿ ಕೇಳಿ ಬೆಳೆದವರಿಗೆ ಆ ಭಾಗ ಹಬ್ಬ.

ಇಡೀ ಮರಳುವಿಕೆಯಲ್ಲಿ ನನ್ನನ್ನು ಬಹಳ ಹಿಡಿದಿಟ್ಟದ್ದು ಅಗ್ರಜಾಗ್ ದೃಶ್ಯ. ಅಗ್ರಜಾಗ್ ಒಂದು ನತದೃಷ್ಟ ಜೀವ. ಅವನು ಜನ್ಮಜನ್ಮಾಂತರದಲ್ಲೂ ಸಾಯುವುದು ಆರ್ಥರ್‌ನ ಕೈಯಲ್ಲೇ. ಮೊಲವಾಗಿ ಹುಟ್ಟಿದಾಗ ಆರ್ಥರ್ ಹಿಡಿದು ತಿಂದ. ನೊಣವಾಗಿ ಹುಟ್ಟಿದಾಗ ಆ ಮೊಲದ ಚರ್ಮದ ಚೀಲದಿಂದಲೇ ಹೊಡೆದು ಕೊಂದ. ಲಾರ್ಡ್ಸ್‌ನಲ್ಲಿ ಪಂದ್ಯ ನೋಡುತ್ತಿದ್ದ ಮುದುಕನಾಗಿದ್ದಾಗ, ಆರ್ಥರ್ ಗಾಳಿಯಿಂದ ಉದುರಿದ್ದು ಕಂಡು ಎದೆಯೊಡೆದು ಸತ್ತ. ಆರ್ಥರ್‌ಗೆ ಇದರಲ್ಲಿ ಯಾವುದೂ ಗೊತ್ತಿಲ್ಲ. ಪುನರ್ಜನ್ಮದ ಕತೆ ಕೇಳಿ ಬೆಳೆದ ನಮಗೆ ಕೊಂದವನು ಕರ್ಮದ ಲೆಕ್ಕ ತೀರಿಸಬೇಕೆಂಬುದು ಗೊತ್ತು. ಇಲ್ಲಿ ಲೆಕ್ಕ ಇಟ್ಟುಕೊಂಡಿರುವವನು ಸತ್ತವನು. ಕೊನೆಗೊಂದು ಸಲ ಅವನು ಆರ್ಥರ್‌ನನ್ನು ಎದುರು ನಿಲ್ಲಿಸಿ ತನ್ನ ಸಾವುಗಳನ್ನೆಲ್ಲ ಒಂದೊಂದಾಗಿ ಒಪ್ಪಿಸುತ್ತಾನೆ.

ಈ ಪಾತ್ರ ತಾನೇ ಮಾಡಬೇಕೆಂದು ಆಡಮ್ಸ್ ಮ್ಯಾಗ್ಸ್‌ಗೆ ಹೇಳಿಟ್ಟಿದ್ದ. ರೆಕಾರ್ಡಿಂಗ್ ಹೊತ್ತಿಗೆ ಅವನು ಸತ್ತು ಎರಡು ವರ್ಷ ದಾಟಿತ್ತು. ಆದರೆ ಹಿಂದೊಮ್ಮೆ ಆಡಮ್ಸ್ ತನ್ನ ಕಾದಂಬರಿಗಳನ್ನು ತಾನೇ ಓದಿ ಆಡಿಯೊ ಪುಸ್ತಕ ಮಾಡಿದ್ದ, ಅಗ್ರಜಾಗ್‌ನ ಮಾತನ್ನೂ ಅಭಿನಯಿಸಿಯೇ ಓದಿದ್ದ. ಮ್ಯಾಗ್ಸ್ ಅದರಿಂದ ಆ ಮಾತುಗಳನ್ನಷ್ಟೇ ಬಿಡಿಸಿಕೊಂಡು ನಾಟಕದೊಳಗೆ ಕೂರಿಸಿದ. ಹೀಗೆ ಸೈಮನ್ ಜೋನ್ಸ್ ತನ್ನ ಕಾಲೇಜು ದಿನಗಳ ಗೆಳೆಯನ ಎದುರು ಆಡಿದ. ಗೆಳೆಯನ ಮಾತು: ನೀನು ನನ್ನನ್ನು ಮತ್ತೆ ಮತ್ತೆ ಕೊಂದೆ. ಇವನ ಮಾತು: ನನಗೆ ಗೊತ್ತಿರಲಿಲ್ಲ.

ಟೇಪಿನ ಎದುರು ನಟಿಸುವುದು ಎಷ್ಟು ಕಷ್ಟ ಎಂದು ನಾನು ಬಲ್ಲೆ. ಎದುರಿಗೆ ಮನುಷ್ಯ ಇದ್ದರೆ ನೀವು ಒಂದು ಮಾತನ್ನು ತುಸು ಎಳೆದರೆ ಅವನು ಕಾಯುತ್ತಾನೆ, ನೀವು ಅವಸರ ಮಾಡಿದರೆ ಅವನೂ ಏರಿಸುತ್ತಾನೆ. ಟೇಪಿನ ದನಿ ಕಾಯುವುದಿಲ್ಲ, ನಿಮ್ಮನ್ನು ಕೇಳಿಸಿಕೊಳ್ಳುವುದೂ ಇಲ್ಲ. ನೀವೊಬ್ಬರೇ ಇಬ್ಬರ ಕೇಳಿಸಿಕೊಳ್ಳುವಿಕೆಯನ್ನೂ ಮಾಡಬೇಕು. ಜೋನ್ಸ್ ಅದನ್ನು ಮಾಡಿದ್ದಾನೆ. ಆ ದೃಶ್ಯದಲ್ಲಿ ಆರ್ಥರ್ ಅಗ್ರಜಾಗ್‌ನ ಮಾತಿಗೆ ಅಡ್ಡ ಬರುತ್ತಾನೆ, ಅರ್ಧದಲ್ಲಿ ಸುಮ್ಮನಾಗುತ್ತಾನೆ, ಮತ್ತೆ ಏನೋ ಹೇಳಲು ಹೋಗಿ ಬಿಡುತ್ತಾನೆ. ಗೊತ್ತಿಲ್ಲದೆ ಕೇಳಿದರೆ ಇಬ್ಬರೂ ಒಂದೇ ಕೋಣೆಯಲ್ಲಿ ನಿಂತಿದ್ದಾರೆ ಎಂದೇ ನೀವು ನಂಬುತ್ತೀರಿ. ಗೊತ್ತಿದ್ದು ಕೇಳಿದರೂ ನಂಬುತ್ತೀರಿ. ಆ ಒಂದು ದೃಶ್ಯಕ್ಕಾಗಿ ಜೋನ್ಸ್‌ನನ್ನು ನಾನು ದೊಡ್ಡ ರೇಡಿಯೊ ನಟ ಎನ್ನುತ್ತೇನೆ.

ಐದನೆಯ ಸರಣಿಯಲ್ಲಿ ನಮ್ಮ ಕಡೆಯ ಒಬ್ಬರು ಬರುತ್ತಾರೆ, ಸಯೀದ್ ಜಾಫ್ರಿ. ಉಪದೇಶ ಬೇಕೆಂದು ಆರ್ಥರ್ ಹುಡುಕಿಕೊಂಡು ಹೋಗುವ, ಕಂಬದ ಮೇಲೆ ಕೂತ ಮುದುಕ ಅವರು. ‘ಶತರಂಜ್ ಕೇ ಖಿಲಾಡಿ’ಯ ಮಿರ್ಜಾನ ಜೊತೆಗಾರನಾಗಿ ಅವರನ್ನು ಕಂಡವರಿಗೆ, ಅವರ ವೃತ್ತಿ 1951ರಲ್ಲಿ ದೆಹಲಿ ಆಕಾಶವಾಣಿಯ ಇಂಗ್ಲಿಷ್ ಅನೌನ್ಸರ್ ಆಗಿ ಶುರುವಾದದ್ದು ಗೊತ್ತಿರಲಾರದು. ಪಾತ್ರ ಚಿಕ್ಕದು. ಮೈಕನ್ನು ಅರಗಿಸಿಕೊಂಡವರು ಮಾತನ್ನು ಹೇಗೆ ಬಿಡುತ್ತಾರೆ ಎಂದು ತಿಳಿಯಲು ಅಷ್ಟು ಸಾಕು.

ಐದನೆಯ ಕಾದಂಬರಿ ಕಗ್ಗತ್ತಲಲ್ಲಿ ಮುಗಿಯುತ್ತದೆ. ಆಡಮ್ಸ್‌ಗೇ ಅದು ಸಮಾಧಾನ ಕೊಟ್ಟಿರಲಿಲ್ಲ. ಮ್ಯಾಗ್ಸ್ ರೇಡಿಯೊದಲ್ಲಿ ಕೊನೆಯನ್ನು ಬದಲಿಸಿ, ಆರ್ಥರ್ ತಾನು ಕಳೆದುಕೊಂಡ ಪ್ರೇಯಸಿ ಫೆನ್‌ಚರ್ಚ್‌ಳನ್ನು ಮತ್ತೆ ಸೇರುವಂತೆ ಮಾಡಿದ. ಬೇರೆ ಲೇಖಕರ ಕೃತಿಯ ಕೊನೆ ತಿದ್ದುವುದನ್ನು ನಾನು ಸಾಮಾನ್ಯವಾಗಿ ಒಪ್ಪುವವಳಲ್ಲ. ಇಲ್ಲಿ ಒಪ್ಪುತ್ತೇನೆ.

ಹೀಗೆ ದನಿಯಲ್ಲಿ ಮರಳಿದ ‘ಡಾಕ್ಟರ್ ಹೂ’ ನಟರ ಕತೆಯೂ ದೊಡ್ಡದಿದೆ. 1996ರ ಒಂದೇ ಟಿವಿ ಸಿನಿಮಾದಲ್ಲಿ ಡಾಕ್ಟರ್ ಆಗಿ ಮುಗಿದುಹೋಗಿದ್ದ ಪಾಲ್ ಮೆಕ್‌ಗ್ಯಾನ್, 2001ರಿಂದ ಬಿಗ್ ಫಿನಿಷ್ ಎಂಬ ಸಂಸ್ಥೆಯ ಆಡಿಯೊ ನಾಟಕಗಳಲ್ಲಿ ಆ ಪಾತ್ರವನ್ನು ಪೂರ್ತಿಯಾಗಿ ಬದುಕಿದ. 1981ರಲ್ಲಿ ಪಾತ್ರ ಬಿಟ್ಟ ಟಾಮ್ ಬೇಕರ್ 2012ರಲ್ಲಿ ಅದೇ ಸಂಸ್ಥೆಗೆ ಬಂದ. ಅವರ ವಿಷಯ ಇನ್ನೊಮ್ಮೆ ಬರೆಯಬೇಕು.

ಆರ್ಥರ್ ಇನ್ನೊಂದು ಸಲ ಬಂದ. 2018ರ ಮಾರ್ಚ್ 8ರಂದು, ಮೊದಲ ಪ್ರಸಾರಕ್ಕೆ ಸರಿಯಾಗಿ ನಲವತ್ತು ವರ್ಷ ತುಂಬಿದ ದಿನ, ಆರನೆಯ ಸರಣಿ ಶುರುವಾಯಿತು. ಅದಕ್ಕೆ ಆಧಾರ ಇಯೊನ್ ಕೋಲ್ಫರ್ 2009ರಲ್ಲಿ ಬರೆದ ಮುಂದುವರಿದ ಕಾದಂಬರಿ. ಅದನ್ನು ಆಡಿಯೊ ಪುಸ್ತಕವಾಗಿ ಓದಿದ್ದವನೂ ಜೋನ್ಸ್‌ನೇ. ಆಗ ಅವನಿಗೆ ಅರವತ್ತೇಳು. ಸೂಸನ್ ಶೆರಿಡನ್ 2015ರಲ್ಲಿ ಹೋಗಿದ್ದಳು. ಟಿವಿಯಲ್ಲಿ ಟ್ರಿಲಿಯನ್ ಆಗಿದ್ದ ಸಾಂಡ್ರಾ ಡಿಕಿನ್ಸನ್ ಅವಳ ಜಾಗಕ್ಕೆ ಬಂದಳು. ಜೆಫ್ರಿ ಪರ್ಕಿನ್ಸ್ 2008ರಲ್ಲೇ ತೀರಿಕೊಂಡಿದ್ದ. ಮಾರ್ವಿನ್ ಆಗಿ ಜಿಮ್ ಬ್ರಾಡ್‌ಬೆಂಟ್, ಗೈಡ್ ಆಗಿ ಹಿಂದೆ ಕೈಜೋಡಿಸಿದ್ದ ಜಾನ್ ಲಾಯ್ಡ್. ಗೈಡ್‌ನ ಹೊಸ ರೂಪಕ್ಕೆ ದನಿ ಕೊಟ್ಟವರು ಸ್ಟೀಫನ್ ಹಾಕಿಂಗ್. 1985ರಲ್ಲಿ ಶಸ್ತ್ರಚಿಕಿತ್ಸೆಯಿಂದ ಸ್ವಂತ ದನಿ ಕಳೆದುಕೊಂಡು ಯಂತ್ರದ ದನಿಯನ್ನೇ ತನ್ನದಾಗಿಸಿಕೊಂಡ ಆ ವಿಜ್ಞಾನಿ ಮಾರ್ಚ್ 14ರಂದು, ಮೊದಲ ಕಂತು ಬಂದ ಆರು ದಿನಕ್ಕೆ, ತೀರಿಕೊಂಡರು.

ಕೇಳಬೇಕೆನ್ನುವವರಿಗೆ ಒಂದು ಮಾತು. 1978ರ ಕಂತುಗಳಿಂದಲೇ ಶುರು ಮಾಡಿ, ಸಿನಿಮಾದಿಂದ ಅಲ್ಲ. ಮೊದಲ ಹನ್ನೆರಡು ಮುಗಿದ ಮೇಲೆ ಕೆಲವು ದಿನ ಬಿಟ್ಟು 2004ರದನ್ನು ಹಾಕಿ, ಆಗ ದನಿಯ ವ್ಯತ್ಯಾಸ ಕಿವಿಗೆ ಸಿಗುತ್ತದೆ. ಇದೆಲ್ಲ ನಮಗೆ ಇಂದು ಸಿಗುವುದು ಯಾರೋ ಆ ಟೇಪುಗಳನ್ನು ಅಳಿಸದೆ ಇಟ್ಟದ್ದರಿಂದ. ‘ಜರ್ನಿ ಇನ್‌ಟು ಸ್ಪೇಸ್’ನ ಮೊದಲ ಟೇಪುಗಳಿಗೆ ಆ ಭಾಗ್ಯ ಇರಲಿಲ್ಲ, ನಮ್ಮ ಎಷ್ಟೋ ಕನ್ನಡ ಬಾನುಲಿ ನಾಟಕಗಳಿಗೂ ಇರಲಿಲ್ಲ. ಸ್ಪೂಲಿನ ಕೊರತೆಯಿಂದ ಒಂದರ ಮೇಲೆ ಇನ್ನೊಂದನ್ನು ರೆಕಾರ್ಡ್ ಮಾಡುತ್ತಿದ್ದ ಕಾಲ ಅದು. ಆದರೆ ನಾಟಕ ಬರುವ ರಾತ್ರಿ ಟೂ-ಇನ್-ವನ್ ಮುಂದೆ ಕೂತು, ಗುಂಡಿ ಒತ್ತಿ, ಕ್ಯಾಸೆಟ್ಟಿಗೆ ಇಳಿಸಿಕೊಂಡ ಕೇಳುಗರು ಆಗ ಊರೂರಲ್ಲಿ ಇದ್ದರು. ನಿಮ್ಮ ಮನೆಯ ಅಟ್ಟದಲ್ಲಿ, ಅಜ್ಜನ ಟ್ರಂಕಿನಲ್ಲಿ ಅಂಥ ಕ್ಯಾಸೆಟ್ ಇದ್ದರೆ ದಯವಿಟ್ಟು ಎಸೆಯಬೇಡಿ. ಟೇಪಿಗೆ ಬೂಷ್ಟು ಹಿಡಿಯುವ ಮುಂಚೆ ಡಿಜಿಟಲ್ ಮಾಡಿಸಿ, ನಾಟಕದ ಹೆಸರು, ಪಾತ್ರಧಾರಿಗಳ ಹೆಸರು, ಪ್ರಸಾರದ ದಿನ ಗೊತ್ತಿದ್ದಷ್ಟನ್ನು ಬರೆದಿಡಿ. ಆ ದನಿಗಳಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಗೂ ಒಂದು ಪ್ರತಿ ಕಳಿಸಿ.